ದೇವರ ಮನೆಯಲ್ಲಿ ಮಾತನಾಡಿದ ಮಗ: ಇಂಟರ್ನೆಟ್ ಕರೆಯ ಧ್ವನಿ ದಾರಿ ತಪ್ಪಿದಾಗ

ಪಾಂಡವಪುರದ ಬಳಿಯ ಹಳ್ಳಿಯಲ್ಲಿರುವ ನನ್ನ ಅಕ್ಕನ ಫೋನ್ ಹೋದ ವರ್ಷ ಹತ್ತು ದಿನ ಕೆಟ್ಟಿತ್ತು. ಮೆಲ್ಬರ್ನ್‌ನಲ್ಲಿರುವ ಮಗ ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಕರೆ ಮಾಡುತ್ತಿದ್ದ. ಅಕ್ಕ ಹಸಿರು ಗುಂಡಿ ಸರಿಸುತ್ತಿದ್ದಳು, ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿದ್ದವು, ಕಿವಿಗೆ ಮಾತ್ರ ಏನೂ ಇಲ್ಲ. ಸಂಜೆ ಅದೇ ಫೋನಿನಲ್ಲಿ ತೋಟದಿಂದ ಮಾತನಾಡಿದರೆ ಎಲ್ಲವೂ ಸರಿ. ಪೇಟೆಯ ರಿಪೇರಿ ಅಂಗಡಿಯವನು ಒಳಗಿನ ಸ್ಪೀಕರ್ ಹೋಗಿದೆ, ಬದಲಿಸಬೇಕು ಎಂದನಂತೆ. ಸಂಜೆ ನೆಟ್ಟಗಿರುವ ಸ್ಪೀಕರ್ ಬೆಳಿಗ್ಗೆ ಹೇಗೆ ಹೋಗುತ್ತದೆ ಎಂದು ಅಕ್ಕ ಕೇಳಿದ್ದಕ್ಕೆ ಅವನ ಬಳಿ ಉತ್ತರವಿರಲಿಲ್ಲ.

ಒಂದು ಭಾನುವಾರ ನಾನು ಮೈಸೂರಿನಿಂದ ಬೆಳಿಗ್ಗೆಯೇ ಹೊರಟು ಹೋದೆ. ಅಕ್ಕನನ್ನು ಜಗಲಿಯಲ್ಲಿ ಕೂರಿಸಿ, ಹಿತ್ತಲಿಗೆ ಹೋಗಿ ಕರೆ ಮಾಡಿದೆ. ಎತ್ತಿಕೊಂಡಳು. "ಅಕ್ಕಾ, ಕೇಳಿಸುತ್ತಿದೆಯೇ?" ಎಂದೆ. ಜಗಲಿಯಿಂದ ಸದ್ದಿಲ್ಲ. ಆದರೆ ದೇವರ ಮನೆಯ ಕಿಟಕಿಯಿಂದ ನನ್ನದೇ ಧ್ವನಿ, ಕೊಡದೊಳಗಿಂದ ಬಂದಂತೆ, "ಅಕ್ಕಾ, ಕೇಳಿಸುತ್ತಿದೆಯೇ?" ಎಂದು ಹೊರಬಂತು. ಸುಪ್ರಭಾತ ಹಾಕುವುದಕ್ಕೆಂದು ಮೊಮ್ಮಗ ತಂದಿಟ್ಟಿದ್ದ ಬ್ಲೂಟೂತ್ ಪೆಟ್ಟಿಗೆ ದೀಪದ ಹಿಂದಿನ ಗೂಡಿನಲ್ಲಿ ನೀಲಿ ಕಣ್ಣು ಮಿಟುಕಿಸುತ್ತ ಕುಳಿತಿತ್ತು. ಮಗ ಹತ್ತು ದಿನ ದೇವರೊಂದಿಗೆ ಮಾತನಾಡಿದ್ದ. ಅಕ್ಕನಿಗೆ ಕಿವಿ ತುಸು ಮಂದ, ಅಡುಗೆಮನೆಯಲ್ಲಿ ಮಿಕ್ಸಿ ಬೇರೆ. ಯಾರಿಗೂ ಗೊತ್ತಾಗಿರಲಿಲ್ಲ.

ನಾನು ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಕೆಲಸ ಮಾಡಿ ನಿವೃತ್ತನಾದವನು. 198ಕ್ಕೆ ದೂರು ಬಂದಾಗ ನಾವು ಮೊದಲು ಮಾಡುತ್ತಿದ್ದ ಕೆಲಸ ರಿಪೇರಿಯಲ್ಲ, ದೋಷ ಎಲ್ಲಿದೆ ಎಂದು ಗಡಿ ಹಾಕುವುದು. ಎಕ್ಸ್‌ಚೇಂಜ್ ಒಳಗೋ, ನೆಲದಡಿಯ ಕೇಬಲ್ಲಿನಲ್ಲೋ, ಕಂಬದಿಂದ ಮನೆಗೆ ಬರುವ ತಂತಿಯಲ್ಲೋ, ಮನೆಯ ಉಪಕರಣದಲ್ಲೋ? ಗಡಿ ಗೊತ್ತಾಗದೆ ಕಂಬ ಹತ್ತಿದ ಲೈನ್‌ಮನ್‌ಗೆ ಹಿರಿಯರಿಂದ ಬೈಗುಳ ಖಚಿತ. ಮೊಬೈಲಿನಲ್ಲಿ ಕಂಬವಿಲ್ಲ ಎಂಬುದೊಂದೇ ವ್ಯತ್ಯಾಸ. ಸರಸ್ವತಿಪುರಂನ ನಮ್ಮ ಬೀದಿಯಲ್ಲಿ ಯಾರ ಫೋನ್ ಮೂಕವಾದರೂ ನನ್ನ ಬಾಗಿಲು ತಟ್ಟುತ್ತಾರೆ. ಅವರಿಗೆಲ್ಲ ಬಾಯಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಧ್ವನಿಗೆ ನಾಲ್ಕು ಬಾಗಿಲು

ಮೊಬೈಲಿನೊಳಗೆ ಬಂದ ಧ್ವನಿ ಹೊರಹೋಗಲು ನಾಲ್ಕು ಬಾಗಿಲುಗಳಿವೆ: ಕಿವಿಗೆ ಹಿಡಿಯುವ ಮೇಲ್ತುದಿಯ ಸಣ್ಣ ಸ್ಪೀಕರ್, ಕೆಳತುದಿಯ ಜೋರು ಸ್ಪೀಕರ್, ತಂತಿಯ ಇಯರ್‌ಫೋನ್, ಬ್ಲೂಟೂತ್. ಒಳಬರುವುದಕ್ಕೂ ಇಷ್ಟೇ ಗೊಂದಲ. ಹೆಚ್ಚಿನ ಫೋನ್‌ಗಳಲ್ಲಿ ಕೆಳಗೊಂದು ಮೈಕ್, ಮೇಲೊಂದು ಮೈಕ್ ಇರುತ್ತವೆ. ಇಯರ್‌ಫೋನಿನದು ಬೇರೆ, ಬ್ಲೂಟೂತಿನದು ಬೇರೆ. ಎಕ್ಸ್‌ಚೇಂಜ್‌ನಲ್ಲಿ ಗೋಡೆಯಷ್ಟು ದೊಡ್ಡ ಚೌಕಟ್ಟಿನಲ್ಲಿ ನಾವು ಜಂಪರ್ ತಂತಿ ಎಳೆದು ಈ ನಂಬರಿಗೆ ಈ ಲೈನ್ ಎಂದು ಜೋಡಿಸುತ್ತಿದ್ದೆವು. ಫೋನಿನೊಳಗೆ ಅದೇ ಕೆಲಸವನ್ನು ತಂತ್ರಾಂಶ ಕ್ಷಣಕ್ಷಣಕ್ಕೂ ಮಾಡುತ್ತದೆ. ಕರೆ ಬಂತು, ಇಯರ್‌ಫೋನ್ ಚುಚ್ಚಿದರು, ಕಾರು ಹತ್ತಿದರು: ಪ್ರತಿಯೊಂದಕ್ಕೂ ಜಂಪರ್ ಬದಲಾಗುತ್ತದೆ.

ಸಾಮಾನ್ಯ ಸಿಮ್ ಕರೆಯಲ್ಲಿ ಈ ಜೋಡಣೆಯನ್ನು ಫೋನ್ ತಾನೇ ನೋಡಿಕೊಳ್ಳುತ್ತದೆ. ಇಂಟರ್ನೆಟ್ ಕರೆಯಲ್ಲಿ ಹಾಗಲ್ಲ. ವಾಟ್ಸ್‌ಆ್ಯಪ್, ಟೆಲಿಗ್ರಾಂ, ಝೂಮ್, ಗೂಗಲ್ ಮೀಟ್ ಇವೆಲ್ಲ ಫೋನಿನ ಮನೆಯವರಲ್ಲ, ಬಾಡಿಗೆದಾರರು. ಕರೆ ಶುರುವಾದಾಗ ಆ್ಯಪ್ ಬಂದು "ನಾನೀಗ ಮಾತುಕತೆಯಲ್ಲಿದ್ದೇನೆ, ಇಂಥ ಬಾಗಿಲು ಕೊಡು" ಎಂದು ಆಂಡ್ರಾಯ್ಡನ್ನು ಕೇಳಬೇಕು. ಮುಗಿದ ಮೇಲೆ ಬಾಗಿಲು ಹಿಂದಿರುಗಿಸಬೇಕು. ಕೇಳುವ ರೀತಿ ತಪ್ಪಿದರೆ, ಹಿಂದಿರುಗಿಸುವುದನ್ನು ಮರೆತರೆ ಅಥವಾ ನಡುವೆ ಇನ್ನೊಬ್ಬರು ಬಂದು ಕಿತ್ತುಕೊಂಡರೆ ಧ್ವನಿ ಬೀದಿಪಾಲು. 2021ರಲ್ಲಿ ಬಂದ ಆಂಡ್ರಾಯ್ಡ್ 12 ಈ ಕೇಳುವ ಕ್ರಮವನ್ನೇ ಬದಲಿಸಿತು. ಹಳೆಯ ಕ್ರಮದಲ್ಲೇ ಉಳಿದ ಆ್ಯಪ್ ಹೊಸ ಫೋನಿನಲ್ಲಿ ತಡವರಿಸಬಹುದು. ಆದ್ದರಿಂದ ಬೇರೇನೂ ಮಾಡುವ ಮೊದಲು ಪ್ಲೇ ಸ್ಟೋರ್‌ಗೆ ಹೋಗಿ ಆ್ಯಪ್ ಅಪ್‌ಡೇಟ್ ಇದೆಯೇ ನೋಡಿಬಿಡಿ. ಎರಡು ನಿಮಿಷದ ಕೆಲಸ.

ವಾಲ್ಯೂಮ್ ಕೂಡ ಒಂದಲ್ಲ. ರಿಂಗ್‌ಟೋನಿಗೊಂದು, ಹಾಡು-ವಿಡಿಯೊಗಳಿಗೊಂದು, ಕರೆಗೊಂದು. ಹಾಡಿನ ವಾಲ್ಯೂಮ್ ತುದಿಗೇರಿಸಿ "ಪೂರ್ತಿ ಇಟ್ಟಿದ್ದೇನೆ, ಆದರೂ ಕರೆ ಕೇಳಿಸುತ್ತಿಲ್ಲ" ಎನ್ನುವವರು ವಾರಕ್ಕೊಬ್ಬರು ಸಿಗುತ್ತಾರೆ. ಕರೆಯ ವಾಲ್ಯೂಮನ್ನು ಕರೆ ನಡೆಯುತ್ತಿರುವಾಗಲೇ, ಬದಿಯ ಗುಂಡಿ ಒತ್ತಿ ಏರಿಸಬೇಕು. ಬ್ಲೂಟೂತ್ ಇದ್ದರೆ ಅದಕ್ಕೆ ಅದರದೇ ಮಟ್ಟ.

ಮೊದಲು ಗಡಿ ಹಾಕಿ

ಸೆಟ್ಟಿಂಗ್ಸ್‌ಗೆ ಕೈ ಹಾಕುವ ಮೊದಲು ಒಂದು ಚೀಟಿ ತೆಗೆದುಕೊಳ್ಳಿ. ಯಾರಿಗೆ ಕೇಳಿಸುತ್ತಿಲ್ಲ? ನಿಮಗೋ, ಆ ಕಡೆಯವರಿಗೋ, ಇಬ್ಬರಿಗೂವೋ? ಇದನ್ನು ಬರೆದುಕೊಳ್ಳಿ. ನಗಬೇಡಿ, ಹತ್ತರಲ್ಲಿ ಆರು ಮಂದಿ ಇದಕ್ಕೆ ಸರಿಯಾಗಿ ಉತ್ತರಿಸಲಾರದೆ "ವಾಯ್ಸ್ ಬರುತ್ತಿಲ್ಲ" ಎಂದಷ್ಟೇ ಹೇಳುತ್ತಾರೆ. ಬರುವ ಧ್ವನಿ, ಹೋಗುವ ಧ್ವನಿ ಎರಡು ಬೇರೆ ರಸ್ತೆಗಳು.

ಆಮೇಲೆ ಮೂರು ಪರೀಕ್ಷೆ, ಇದೇ ಕ್ರಮದಲ್ಲಿ.

1. ಬ್ಲೂಟೂತ್ ಆಫ್ ಮಾಡಿ, ಇಯರ್‌ಫೋನ್ ಕಿತ್ತು, ಸಿಮ್‌ನಿಂದ ಒಂದು ಸಾಮಾನ್ಯ ಕರೆ ಮಾಡಿ. ಮೊದಲು ಕಿವಿಗಿಟ್ಟು, ಆಮೇಲೆ ಸ್ಪೀಕರ್ ಒತ್ತಿ ಮಾತನಾಡಿ. ಎರಡೂ ಸರಿಯಿದ್ದರೆ ಯಂತ್ರ ನೆಟ್ಟಗಿದೆ, ಅಂಗಡಿಯ ಖರ್ಚು ಉಳಿಯಿತು.

2. ಫೋನಿನ ರೆಕಾರ್ಡರ್ ತೆರೆದು ಹತ್ತು ಸೆಕೆಂಡು ಮಾತನಾಡಿ, ಕೇಳಿ. ಜೊತೆಗೆ ವಿಡಿಯೊ ಕೂಡ ಒಂದು ತೆಗೆಯಿರಿ, ಏಕೆಂದರೆ ಹಲವು ಫೋನ್‌ಗಳಲ್ಲಿ ವಿಡಿಯೊ ಬೇರೆ ಮೈಕನ್ನು ಬಳಸುತ್ತದೆ. ಕಿವಿಗಿಟ್ಟಾಗ ನಿಮ್ಮ ಮಾತು ಹೋಗದೆ, ಸ್ಪೀಕರ್‌ನಲ್ಲಿಟ್ಟಾಗ ಮಾತ್ರ ಹೋದರೆ ಕೆಳಗಿನ ಮೈಕಿನ ತೂತಿಗೆ ದೂಳು ಕೂತಿರುವುದು ಬಹುಪಾಲು ಖಚಿತ.

3. ಒಂದೇ ವೈಫೈನಲ್ಲಿ, ಒಬ್ಬರೇ ವ್ಯಕ್ತಿಗೆ, ಎರಡು ಬೇರೆ ಆ್ಯಪ್‌ಗಳಿಂದ ಕರೆ ಮಾಡಿ. ಒಂದರಲ್ಲಿ ಮಾತ್ರ ತೊಂದರೆಯಾದರೆ ಆ ಆ್ಯಪ್‌ನದು. ಎರಡರಲ್ಲೂ ಆದರೆ ಫೋನಿನದೋ ನೆಟ್‌ನದೋ. ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಮತ್ತೆ ಮಾಡಿದರೆ ಅದೂ ಇತ್ಯರ್ಥ.

ಸ್ಯಾಮ್‌ಸಂಗ್ ಫೋನಿದ್ದವರಿಗೆ ಇನ್ನೊಂದು ಅನುಕೂಲವಿದೆ. ಡಯಲರ್‌ನಲ್ಲಿ *#0*# ಒತ್ತಿದರೆ ಯಂತ್ರಪರೀಕ್ಷೆಯ ಪುಟ ತೆರೆಯುತ್ತದೆ. ಅದರಲ್ಲಿ ರಿಸೀವರ್ ಎಂಬುದನ್ನು ಒತ್ತಿ ಕಿವಿಗಿಟ್ಟರೆ ನಮ್ಮ ಹಳೆಯ ಡಯಲ್ ಟೋನಿನಂಥ ಸದ್ದು ಬರಬೇಕು. ಶವೋಮಿ, ರೆಡ್‌ಮಿಯವರಿಗೆ *#*#6484#*#*. ಆ ಪುಟಗಳಲ್ಲಿ ಬೇರೆ ಗುಂಡಿಗಳೂ ಇರುತ್ತವೆ, ಅವುಗಳ ತಂಟೆಗೆ ಹೋಗಬೇಡಿ.

ಬ್ಲೂಟೂತ್ ಎಂಬ ಕದ್ದು ಕೇಳುವ ನೆಂಟ

ನನ್ನ ಅನುಭವದಲ್ಲಿ ಅರ್ಧಕ್ಕರ್ಧ ದೂರುಗಳ ಮೂಲ ಇದೇ. ಒಮ್ಮೆ ಜೋಡಿಸಿದ ಸಾಧನವನ್ನು ಫೋನ್ ಮರೆಯುವುದಿಲ್ಲ. ಹತ್ತು ಮೀಟರ್ ಆಸುಪಾಸಿನಲ್ಲಿ ಅದು ಜೀವಂತವಾಗಿದ್ದರೆ ಹೇಳದೆ ಕೇಳದೆ ಜೋಡಣೆಯಾಗುತ್ತದೆ. ಕಾರು, ಟಿವಿಯ ಸೌಂಡ್‌ಬಾರ್, ಕೈಗಡಿಯಾರ, ಡಬ್ಬಿಯ ಮುಚ್ಚಳ ಸರಿಯಾಗಿ ಕೂರದ ಇಯರ್‌ಬಡ್, ಎಲ್ಲವೂ ಕರೆ ಕಸಿಯಬಲ್ಲವು. ಮನೆಮುಂದೆ ನಿಲ್ಲಿಸಿದ ಕಾರನ್ನು ಮಗ ಸ್ಟಾರ್ಟ್ ಮಾಡಿದ, ಒಳಗೆ ಅಮ್ಮ ಮಾತನಾಡುತ್ತಿದ್ದ ಕರೆ ಕಾರಿನ ಪಾಲಾಯಿತು ಎಂಬುದು ಕುವೆಂಪುನಗರದ ಪರಿಚಿತರೊಬ್ಬರ ಮನೆಯಲ್ಲಿ ನಡೆದದ್ದು. ಅವರು ಹೇಳುತ್ತಿದ್ದ ವಿಷಯ ಮಗನ ಬಗೆಗೇ ಇತ್ತು.

ಕರೆಯ ನಡುವೆ ಧ್ವನಿ ಮಾಯವಾದರೆ ಮೊದಲು ಕರೆಯ ಪರದೆಯಲ್ಲಿರುವ ಸ್ಪೀಕರ್ ಚಿತ್ರವನ್ನು ನೋಡಿ. ಬ್ಲೂಟೂತ್ ಜೋಡಣೆಯಾಗಿದ್ದರೆ ಅಲ್ಲಿ ಸ್ಪೀಕರ್ ಬದಲು ಬ್ಲೂಟೂತಿನ ಗುರುತು ಕಾಣುತ್ತದೆ. ಅದನ್ನು ಮುಟ್ಟಿದರೆ ಫೋನ್, ಸ್ಪೀಕರ್, ಬ್ಲೂಟೂತ್ ಎಂಬ ಪಟ್ಟಿ ಇಳಿಯುತ್ತದೆ. ಬೇಕಾದದ್ದನ್ನು ಆರಿಸಿ. ಕರೆ ಕಡಿದು ಮತ್ತೆ ಮಾಡುವ ಅಗತ್ಯವಿಲ್ಲ.

ಶಾಶ್ವತ ಪರಿಹಾರ ಬೇರೆ. ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ತೆರೆದು, ಸಾಧನದ ಹೆಸರಿನ ಪಕ್ಕದ ಹಲ್ಲಿನ ಚಕ್ರ ಒತ್ತಿ. ಅಲ್ಲಿ ಕರೆಗಳಿಗೊಂದು, ಮೀಡಿಯಾ ಆಡಿಯೊಗೊಂದು ಸ್ವಿಚ್ ಇರುತ್ತದೆ. ಅಕ್ಕನ ಪೆಟ್ಟಿಗೆಗೆ ಕರೆಗಳ ಸ್ವಿಚ್ ಆಫ್ ಮಾಡಿ, ಮೀಡಿಯಾ ಮಾತ್ರ ಉಳಿಸಿದೆ. ಸುಪ್ರಭಾತ ಪೆಟ್ಟಿಗೆಯಲ್ಲಿ, ಮಗ ಕಿವಿಯಲ್ಲಿ. ಅದೇ ಪುಟದಲ್ಲಿ ಪೆನ್ಸಿಲ್ ಗುರುತು ಒತ್ತಿ ಸಾಧನದ ಹೆಸರನ್ನೂ ಬದಲಿಸಬಹುದು. ಅಂಕಿ ಅಕ್ಷರಗಳ ಹೆಸರಿಗಿಂತ "ದೇವರ ಮನೆ" ಎಂದಿದ್ದರೆ ಎಪ್ಪತ್ತರ ಅಕ್ಕನಿಗೂ ತಿಳಿಯುತ್ತದೆ. ಬಳಸದೇ ಇರುವ ಹಳೆಯ ಸಾಧನಗಳನ್ನು ಪಟ್ಟಿಯಿಂದ ತೆಗೆದುಹಾಕಿ.

ಇಯರ್‌ಬಡ್‌ನಲ್ಲಿ ಹಾಡು ಚೆನ್ನಾಗಿ ಕೇಳಿಸುತ್ತದೆ, ಕರೆ ಶುರುವಾದ ಕೂಡಲೇ ಧ್ವನಿ ಡಬ್ಬಿಯೊಳಗಿನಿಂದ ಬಂದಂತಾಗುತ್ತದೆ ಎಂಬ ದೂರು ಬೇರೆ. ಇದು ದೋಷವಲ್ಲ, ಬ್ಲೂಟೂತಿನ ಸ್ವಭಾವ. ಹಾಡಿಗೆ ಅದು ಏಕಮುಖ ಸಂಚಾರದ ಅಗಲ ರಸ್ತೆ ಕೊಡುತ್ತದೆ. ಕರೆಗೆ ಹೋಗುವುದೂ ಬರುವುದೂ ಇರುವುದರಿಂದ ಬೇರೊಂದು, ಕಿರಿದಾದ ರಸ್ತೆಗೆ ತಿರುಗುತ್ತದೆ. ಹಾಡಿನಲ್ಲಿ ಧ್ವನಿಯನ್ನು ಸೆಕೆಂಡಿಗೆ ಸಾಮಾನ್ಯವಾಗಿ 44,100 ಸಲ ಅಳೆದು ದಾಖಲಿಸಿದ್ದರೆ, ಬ್ಲೂಟೂತ್ ಕರೆಯಲ್ಲಿ ಹಳೆಯ ಪದ್ಧತಿಗೆ 8,000, ಸುಧಾರಿತ ಪದ್ಧತಿಗೆ 16,000 ಸಲ. ತೀರ ಹೊಸ ಸಾಧನಗಳಲ್ಲಿ ಇದಕ್ಕಿಂತ ಉತ್ತಮವಾದದ್ದೂ ಬಂದಿದೆ, ಆದರೆ ಫೋನ್ ಮತ್ತು ಇಯರ್‌ಬಡ್ ಎರಡೂ ಅದನ್ನು ಬಲ್ಲವಾಗಿರಬೇಕು. ಸುಮ್ಮನೆ ಸೆಟ್ಟಿಂಗ್ಸ್ ತಿರುವಿ ಇದನ್ನು ಸರಿಪಡಿಸಲಾಗದು. ಮುಖ್ಯವಾದ ಸಂದರ್ಶನವಿದ್ದರೆ ತಂತಿಯ ಇಯರ್‌ಫೋನ್ ಹಾಕಿಕೊಳ್ಳಿ. ನನಗೆ ತಂತಿಯ ಪಕ್ಷಪಾತವಿದೆ, ಒಪ್ಪುತ್ತೇನೆ.

ಇಯರ್‌ಬಡ್ ಫೋನಿಗೆ ಜೋಡಣೆಯಾಗಿದೆ, ಸಿಮ್ ಕರೆಯೂ ಬರುತ್ತದೆ, ಆದರೆ ಒಂದು ಆ್ಯಪ್ ಮಾತ್ರ ಅದನ್ನು ಕಂಡೇ ಇಲ್ಲವೆಂಬಂತೆ ವರ್ತಿಸುತ್ತದೆಯೇ? ಆಂಡ್ರಾಯ್ಡ್ 12ರಿಂದ ಈಚೆಗೆ ಬ್ಲೂಟೂತ್ ಸಾಧನ ಬಳಸಲು ಆ್ಯಪ್‌ಗೆ "ಸಮೀಪದ ಸಾಧನಗಳು" ಎಂಬ ಪ್ರತ್ಯೇಕ ಅನುಮತಿ ಬೇಕು. ಮೊದಲ ಸಲ ಕೇಳಿದಾಗ ಅವಸರದಲ್ಲಿ ಬೇಡ ಎಂದಿರುತ್ತೀರಿ. ಸೆಟ್ಟಿಂಗ್ಸ್, ಆ್ಯಪ್‌ಗಳು, ಆ ಆ್ಯಪ್, ಅನುಮತಿಗಳು ಎಂದು ಹೋಗಿ ಕೊಟ್ಟುಬಿಡಿ.

ತೂತಿನೊಳಗಿನ ಬೆಲ್ಲ

ಮಂಡ್ಯ ಕಡೆಯ ಆಲೆಮನೆಯೊಂದರಲ್ಲಿ ಗಾಣಕ್ಕೆ ಕಬ್ಬು ಕೊಡುವ ಹುಡುಗನ ಫೋನ್ ನನ್ನ ಕೈಗೆ ಬಂದಿತ್ತು. ಯಾವ ಕರೆಯಲ್ಲೂ ಸದ್ದಿಲ್ಲ, ಇವನ ಮಾತೂ ಆಚೆ ಹೋಗುವುದಿಲ್ಲ, ಸ್ಪೀಕರ್ ಒತ್ತಿದರೆ ಮಾತ್ರ ಎಲ್ಲ ಸರಿ. ಪರದೆಯ ಮೇಲಂಚಿನಲ್ಲಿ ಪುಟ್ಟ ಹೆಡ್‌ಫೋನಿನ ಚಿತ್ರ ಕಂಡಿತು. ಇಯರ್‌ಫೋನ್ ಇಲ್ಲ, ಚಿತ್ರ ಇದೆ. ಟಾರ್ಚ್ ಹಿಡಿದು ನೋಡಿದರೆ ಇಯರ್‌ಫೋನಿನ ತೂತಿನೊಳಗೆ ಕಬ್ಬಿನ ಸಿಪ್ಪೆಯ ಪುಡಿ, ಅದರ ಮೇಲೆ ಪಾಕದ ಹಬೆ ಕೂತು ಬೆಲ್ಲದ ಲೇಪ. ಆ ತೂತಿನ ಗೋಡೆಯಲ್ಲಿ ಸಣ್ಣ ಲೋಹದ ನಾಲಿಗೆಗಳಿರುತ್ತವೆ. ಪಿನ್ ಒಳಹೋದಾಗ ಅವುಗಳಲ್ಲೊಂದು ಮುಟ್ಟಿ ಫೋನಿಗೆ ಸುದ್ದಿ ಕೊಡುತ್ತದೆ. ತೇವವೋ ಕಸವೋ ಅದೇ ಕೆಲಸ ಮಾಡಿದರೆ, ಇಲ್ಲದ ಇಯರ್‌ಫೋನಿಗೆ ಫೋನ್ ಧ್ವನಿ ಕಳಿಸುತ್ತ ಕೂರುತ್ತದೆ.

ಸರಿಪಡಿಸುವುದು ಹೀಗೆ. ಫೋನ್ ಆಫ್ ಮಾಡಿ. ತೂತನ್ನು ಕೆಳಮುಖ ಮಾಡಿ ಹಿಡಿದು ಮೆಲ್ಲಗೆ ತಟ್ಟಿ. ಒಣ, ಮೃದುವಾದ ಸಣ್ಣ ಬ್ರಷ್ ಅಥವಾ ಕಟ್ಟಿಗೆಯ ಹಲ್ಲುಕಡ್ಡಿಯ ತುದಿಗೆ ತೆಳುವಾಗಿ ಹತ್ತಿ ಸುತ್ತಿ ಒಳಗೆ ತಿರುಗಿಸಿ. ಜಿಡ್ಡಿದ್ದರೆ ಹತ್ತಿಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿ, ಅಷ್ಟೇ, ಅದ್ದಬೇಡಿ. ಅರ್ಧ ಗಂಟೆ ಒಣಗಲು ಬಿಟ್ಟು, ಇಯರ್‌ಫೋನನ್ನು ಐದಾರು ಸಲ ಚುಚ್ಚಿ ತೆಗೆದು, ಆಮೇಲೆ ಫೋನ್ ಆನ್ ಮಾಡಿ. ಸೂಜಿ, ಸೇಫ್ಟಿ ಪಿನ್ ಬೇಡವೇ ಬೇಡ. ಬಾಯಿಂದ ಊದಲೂಬೇಡಿ, ಉಸಿರಿನಲ್ಲಿ ನೀರಿದೆ. ಆ ಹುಡುಗನ ಫೋನಿಗೆ ಎರಡು ಹಲ್ಲುಕಡ್ಡಿ ಹಿಡಿಯಿತು. ಇರುವೆಯೂ ಒಂದು ಸಿಕ್ಕಿತು.

ಟೈಪ್-ಸಿ ತೂತಿಗೂ ಇದೇ ಕಥೆ, ಅಲ್ಲಿ ಒಳಗೆ ತೆಳ್ಳನೆಯ ನಾಲಿಗೆ ನಡುವೆ ಇರುವುದರಿಂದ ಇನ್ನೂ ಜಾಗ್ರತೆ ಬೇಕು. ಟೈಪ್-ಸಿಯಿಂದ ಹಳೆಯ ಇಯರ್‌ಫೋನಿಗೆ ಬದಲಿಸುವ ಅಡಾಪ್ಟರ್ ಕೊಳ್ಳುವಾಗ ಒಂದು ಮಾತು. ಕೆಲವು ಫೋನ್‌ಗಳು ಆ ತೂತಿನಿಂದಲೇ ಸಿದ್ಧ ಧ್ವನಿ ಕೊಡುತ್ತವೆ, ಉಳಿದವು ಅಂಕಿಗಳನ್ನಷ್ಟೇ ಕೊಡುತ್ತವೆ. ಎರಡನೆಯವಕ್ಕೆ ಅಡಾಪ್ಟರ್ ಒಳಗೇ ಅಂಕಿಯನ್ನು ಧ್ವನಿಯಾಗಿಸುವ ಚಿಪ್ ಇರಬೇಕು. ಅದನ್ನು ಡ್ಯಾಕ್ ಎನ್ನುತ್ತಾರೆ. ಅಂಗಡಿಯಲ್ಲಿ "ಡ್ಯಾಕ್ ಇರುವುದು ಕೊಡಿ" ಎಂದು ಕೇಳಿ, ನಿಮ್ಮ ಫೋನಿಗೆ ಚುಚ್ಚಿ ಒಂದು ಕರೆ ಮಾಡಿ ನೋಡಿಯೇ ದುಡ್ಡು ಕೊಡಿ.

ಇನ್ನೊಂದು ವಿಚಿತ್ರ: ಹಳೆಯ ಇಯರ್‌ಫೋನ್ ಚುಚ್ಚಿದರೆ ಮಾತು ಬಾವಿಯೊಳಗಿಂದ ಕೇಳಿದಂತೆ, ತಂತಿಯ ಮೇಲಿನ ಗುಂಡಿ ಒತ್ತಿ ಹಿಡಿದರೆ ಸ್ಪಷ್ಟ. ಪಿನ್ನಿನ ಮೇಲೆ ಮೂರು ಉಂಗುರ, ನಾಲ್ಕು ಭಾಗ ಇರುತ್ತವೆ. ಮೈಕ್ ಯಾವ ಭಾಗ, ವಿದ್ಯುತ್ ಮರಳುವ ಗ್ರೌಂಡ್ ಯಾವ ಭಾಗ ಎಂಬುದರಲ್ಲಿ ಎರಡು ಪಂಗಡಗಳಿದ್ದವು. ಪಂಗಡ ಬೇರೆಯಾದರೆ ಹೀಗಾಗುತ್ತದೆ. ಇಯರ್‌ಫೋನ್ ಬದಲಿಸಿ, ಅದೇ ಸುಲಭದ ದಾರಿ.

ಆ ಕಡೆಗೆ ನಿಮ್ಮ ಮಾತು ಹೋಗುತ್ತಿಲ್ಲವೇ?

ಅನುಮತಿ ನೋಡಿ. ಆ್ಯಪ್‌ಗೆ ಮೈಕ್ರೊಫೋನ್ ಅನುಮತಿ "ಆ್ಯಪ್ ಬಳಸುವಾಗ ಮಾತ್ರ" ಎಂದಿದ್ದರೆ ಸಾಕು. "ಪ್ರತಿ ಬಾರಿ ಕೇಳಿ" ಎಂದಿದ್ದರೆ ಅವಸರದ ಕರೆಯಲ್ಲಿ ಆ ಪ್ರಶ್ನೆಯ ಪೆಟ್ಟಿಗೆ ಕಾಣದೇ ಹೋಗಬಹುದು. ಆಂಡ್ರಾಯ್ಡ್ 12ರ ನಂತರದ ಫೋನ್‌ಗಳಲ್ಲಿ ಮೇಲಿನಿಂದ ಎಳೆಯುವ ಪರದೆಯಲ್ಲಿ ಎಲ್ಲ ಆ್ಯಪ್‌ಗಳ ಮೈಕನ್ನೂ ಒಟ್ಟಿಗೆ ಕಡಿಯುವ ಬಿಲ್ಲೆಯೊಂದಿದೆ. ಮಕ್ಕಳು ಆಡುತ್ತ ಒತ್ತಿಬಿಟ್ಟರೆ ಎಲ್ಲ ಆ್ಯಪ್‌ಗಳೂ ಮೂಕ. ಕರೆಯಲ್ಲಿರುವಾಗ ಪರದೆಯ ಮೇಲಿನ ಬಲಮೂಲೆಯಲ್ಲಿ ಹಸಿರು ಚುಕ್ಕೆ ಬಂದಿದೆಯೇ ನೋಡಿ. ಬಂದಿದ್ದರೆ ಯಾವುದೋ ಆ್ಯಪ್‌ಗೆ ಮೈಕೋ ಕ್ಯಾಮೆರಾವೋ ಸಿಕ್ಕಿದೆ. ಎಳೆದು ಮುಟ್ಟಿದರೆ ಯಾವುದಕ್ಕೆ ಎಂದೂ ಹೇಳುತ್ತದೆ.

ಮಾತಿನ ನಡುವೆ ಬೇರೆ ಆ್ಯಪ್‌ಗೆ ಹೋದ ಕೂಡಲೇ ನಿಮ್ಮ ಧ್ವನಿ ನಿಲ್ಲುತ್ತದೆ ಎಂದರೆ ಬ್ಯಾಟರಿ ಉಳಿಸುವ ವ್ಯವಸ್ಥೆಯ ಮೇಲೆ ಅನುಮಾನಪಡಿ. ಆ್ಯಪ್‌ನ ಮಾಹಿತಿ ಪುಟದಲ್ಲಿ ಬ್ಯಾಟರಿ ತೆರೆದು ನಿರ್ಬಂಧವಿಲ್ಲ ಎಂಬುದನ್ನು ಆರಿಸಿ. ಚೀನಾ ಮೂಲದ ಹಲವು ಫೋನ್‌ಗಳಲ್ಲಿ ಈ ಉಳಿತಾಯ ತುಸು ಜಿಪುಣತನದ್ದು.

ಮೈಕಿನ ತೂತಿನ ಮೇಲೆ ಕವರ್ ಕೂತಿದೆಯೇ ಎಂಬುದನ್ನೂ ನೋಡಿ. ಬೇರೆ ಮಾದರಿಯ ಕವರನ್ನು "ಇದೂ ಆಗುತ್ತದೆ" ಎಂದು ಹಾಕಿಕೊಟ್ಟಿರುತ್ತಾರೆ.

ಬಿಟ್ಟುಕೊಡದ ಬಾಡಿಗೆದಾರ

ಕರೆ ಮುಗಿಯಿತು. ಆಮೇಲೆ ಯೂಟ್ಯೂಬ್ ಹಾಕಿದರೆ ಧ್ವನಿ ಕಿವಿಯ ಸಣ್ಣ ಸ್ಪೀಕರಿನಲ್ಲಿ ಪಿಸುಗುಡುತ್ತದೆ, ಅಥವಾ ಬದಿಯ ಗುಂಡಿ ಒತ್ತಿದರೆ ಕರೆಯ ವಾಲ್ಯೂಮ್ ಪಟ್ಟಿಯೇ ಕಾಣುತ್ತದೆ. ಆ್ಯಪ್ ಒಳಗೊಳಗೇ ಕುಸಿದು ಬಾಗಿಲು ಹಿಂದಿರುಗಿಸಿಲ್ಲ, ಫೋನ್ ಇನ್ನೂ ಮಾತುಕತೆ ನಡೆದಿದೆ ಎಂದೇ ನಂಬಿದೆ. ಇಲ್ಲಿ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್ ತೆರೆದು ಫೋರ್ಸ್ ಸ್ಟಾಪ್ ಒತ್ತಬೇಕು. ಯಾವ ಆ್ಯಪ್ ಎಂದು ಗೊತ್ತಿಲ್ಲದಿದ್ದರೆ ಫೋನನ್ನೇ ಆಫ್ ಮಾಡಿ ಆನ್ ಮಾಡಿ. ಇದು ಪದೇ ಪದೇ ಆಗುತ್ತಿದ್ದರೆ ಇತ್ತೀಚೆಗೆ ಹಾಕಿಕೊಂಡ ಕರೆ ರೆಕಾರ್ಡ್ ಮಾಡುವ, ಧ್ವನಿ ದೊಡ್ಡದು ಮಾಡುವ, ಧ್ವನಿ ಬದಲಿಸುವ ಆ್ಯಪ್‌ಗಳನ್ನು ಒಂದೊಂದಾಗಿ ತೆಗೆಯಿರಿ. ಇವೆಲ್ಲ ಜಂಪರ್ ಚೌಕಟ್ಟಿಗೆ ಕೈ ಹಾಕುವವೇ.

ಇಂಟರ್ನೆಟ್ ಕರೆಯಲ್ಲಿದ್ದಾಗ ಸಿಮ್ ಕರೆ ಬಂದರೆ ಸಿಮ್ ಕರೆಗೇ ಮಣೆ. ಅದು ಮುಗಿದ ಮೇಲೆ ಹಿಂದಿನ ಕರೆಗೆ ಮರಳಿದರೆ ಕೆಲವೊಮ್ಮೆ ಧ್ವನಿ ಸತ್ತಿರುತ್ತದೆ. ಸ್ಪೀಕರ್ ಗುಂಡಿಯನ್ನು ಒಮ್ಮೆ ಒತ್ತಿ, ಮತ್ತೊಮ್ಮೆ ಒತ್ತಿ. ಆ್ಯಪ್ ಮತ್ತೆ ಬಾಗಿಲು ಕೇಳುವಂತೆ ಮಾಡುವ ಸುಲಭ ಉಪಾಯವಿದು, ಬಹಳ ಸಲ ಇಷ್ಟರಲ್ಲೇ ಮುಗಿಯುತ್ತದೆ.

ಸ್ಯಾಮ್‌ಸಂಗ್‌ನಲ್ಲಿ ಸೌಂಡ್ಸ್ ವಿಭಾಗದೊಳಗೆ ಸೆಪರೇಟ್ ಆ್ಯಪ್ ಸೌಂಡ್ ಎಂಬುದೊಂದಿದೆ. ಒಂದು ಆ್ಯಪ್‌ನ ಧ್ವನಿಯನ್ನು ಮಾತ್ರ ಬೇರೆ ಸಾಧನಕ್ಕೆ ಕಳಿಸುವ ಅನುಕೂಲ. ಎಂದೋ ಆನ್ ಮಾಡಿ ಮರೆತವರಿಗೆ ಅದೇ ಕಾಟ.

ಕಿವಿಗಿಟ್ಟರೂ ಪರದೆ ಆರದೆ ಕೆನ್ನೆ ತಾಗಿ ಮ್ಯೂಟ್ ಬೀಳುವುದು, ಅಥವಾ ಧ್ವನಿ ಸಂದೇಶ ಕೇಳಲು ಹೋದರೆ ಪರದೆ ಕಪ್ಪಾಗಿ ಸದ್ದು ಕಿವಿಯ ಸ್ಪೀಕರಿಗೆ ಹೋಗುವುದು, ಇವೆರಡೂ ಸಾಮೀಪ್ಯ ಸಂವೇದಕದ ಆಟ. ಮುಖ ಹತ್ತಿರ ಬಂದಿದೆಯೇ ಎಂದು ನೋಡುವ ಕಣ್ಣದು, ಮೇಲ್ತುದಿಯಲ್ಲಿ ಕ್ಯಾಮೆರಾ ಬಳಿ ಇರುತ್ತದೆ. ಹೊಸ ಸ್ಕ್ರೀನ್ ಗಾರ್ಡ್ ಅಂಟಿಸಿದ ಮರುದಿನವೇ ತೊಂದರೆ ಶುರುವಾಗಿದ್ದರೆ ಬೇರೆ ಕಾರಣ ಹುಡುಕಬೇಡಿ. ಅರಿಶಿನ, ಎಣ್ಣೆ ಕೈಯ ಗುರುತನ್ನಾದರೆ ಒರೆಸಿದರೆ ಸಾಕು.

ಪ್ರತಿಧ್ವನಿ ಯಾರ ತಪ್ಪು

ನಿಮ್ಮ ಮಾತು ನಿಮಗೇ ತಿರುಗಿ ಕೇಳಿಸಿದರೆ ತಪ್ಪು ಆ ಕಡೆಯವರದು. ಅವರ ಸ್ಪೀಕರಿನಿಂದ ಹೊರಬಂದ ನಿಮ್ಮ ಧ್ವನಿ ಅವರ ಮೈಕಿಗೆ ಬಿದ್ದು ಮರಳುತ್ತಿದೆ. ಇದನ್ನು ಅಳಿಸುವ ಲೆಕ್ಕಾಚಾರ ಪ್ರತಿ ಫೋನಿನಲ್ಲೂ ಇದೆ, ಆದರೆ ವಾಲ್ಯೂಮ್ ತುದಿಯಲ್ಲಿದ್ದು ಫೋನ್ ಖಾಲಿ ಕೋಣೆಯ ಮೇಜಿನ ಮೇಲಿದ್ದರೆ ಅದು ಸೋಲುತ್ತದೆ. ಅವರಿಗೆ ಸ್ಪೀಕರ್ ತಗ್ಗಿಸಲು ಅಥವಾ ಇಯರ್‌ಫೋನ್ ಹಾಕಲು ಹೇಳಿ. ನಿಮ್ಮ ಫೋನ್ ತಿರುವಿ ಪ್ರಯೋಜನವಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಒಂದೇ ಮೀಟಿಂಗಿಗೆ ಎರಡು ಫೋನಿನಿಂದ ಸೇರಿ ಕೀರಲು ಸದ್ದು ಎಬ್ಬಿಸುವುದಕ್ಕೂ ಇದೇ ಕಾರಣ. ಒಂದರಲ್ಲಿ ಮೈಕ್ ಮತ್ತು ಸ್ಪೀಕರ್ ಎರಡನ್ನೂ ಕಡಿಯಿರಿ.

ತಂಬೂರಿ ಮಾಯವಾದ ಪಾಠ

ನಮ್ಮ ಬೀದಿಯ ಕೊನೆಯಲ್ಲಿ ವೀಣೆ ಹೇಳಿಕೊಡುವ ಮೇಡಂ ಒಬ್ಬರಿದ್ದಾರೆ. ಅಮೆರಿಕದ ಮಕ್ಕಳಿಗೆ ಝೂಮ್‌ನಲ್ಲಿ ಪಾಠ. ಶ್ರುತಿಪೆಟ್ಟಿಗೆ ಇಟ್ಟುಕೊಂಡು ನುಡಿಸಿದರೆ ಆ ಕಡೆಗೆ ಶ್ರುತಿ ಅರ್ಧ ನಿಮಿಷದಲ್ಲಿ ಕರಗಿಹೋಗುತ್ತಿತ್ತು. ತಂತಿ ಮೀಟಿದ ಸದ್ದು ಮುಟ್ಟುತ್ತಿತ್ತು, ಅದರ ಎಳೆತ, ಗಮಕದ ಬಾಲ ಮುಟ್ಟುತ್ತಿರಲಿಲ್ಲ. ಮೈಕ್ ಬದಲಿಸಿದರು, ಫೋನ್ ಬದಲಿಸಿದರು. "ಸಾರ್, ನನ್ನ ವೀಣೆಗೆ ದೃಷ್ಟಿಯಾಗಿದೆ" ಎಂದು ನಗುತ್ತಲೇ ಬಂದರು.

ಮಾತಿಗಾಗಿ ಕಟ್ಟಿದ ಆ್ಯಪ್ ಏಕತಾನದ ಸದ್ದನ್ನು ಫ್ಯಾನಿನ ಸದ್ದೆಂದು ತಿಳಿದು ಅಳಿಸುತ್ತದೆ. ತಂಬೂರಿ, ಶ್ರುತಿಪೆಟ್ಟಿಗೆಗಿಂತ ಏಕತಾನವಾದದ್ದು ಇನ್ನೇನಿದೆ? ಝೂಮ್‌ನ ಸೆಟ್ಟಿಂಗ್ಸ್‌ನಲ್ಲಿ ಒರಿಜಿನಲ್ ಸೌಂಡ್ ಎಂಬುದನ್ನು ಸಕ್ರಿಯಗೊಳಿಸಿ, ಪಾಠದ ಪರದೆಯಲ್ಲೂ ಅದನ್ನು ಆನ್ ಮಾಡಿದೆವು. ಐಫೋನಿದ್ದವರಿಗೆ ಐಒಎಸ್ 15ರಿಂದ ಮೈಕ್ ಮೋಡ್ ಎಂಬ ಆಯ್ಕೆಯಿದೆ. ಕರೆಯಲ್ಲಿರುವಾಗ ಕಂಟ್ರೋಲ್ ಸೆಂಟರ್ ಎಳೆದು, ಆ್ಯಪ್‌ನಲ್ಲಿ ಅದು ಸಿಗುವಂತಿದ್ದರೆ ವೈಡ್ ಸ್ಪೆಕ್ಟ್ರಮ್ ಆರಿಸಿದರೆ ಸುತ್ತಲಿನ ಸದ್ದೂ ಹೋಗುತ್ತದೆ. ಅಲ್ಲೇ ಇರುವ ವಾಯ್ಸ್ ಐಸೊಲೇಶನ್ ಇದಕ್ಕೆ ತದ್ವಿರುದ್ಧ, ಅದು ದೇವರಾಜ ಮಾರುಕಟ್ಟೆಯ ಗದ್ದಲದಲ್ಲಿ ನಿಂತು ಮಾತನಾಡುವವರಿಗೆ. ಮೂಲ ಧ್ವನಿ ಕಳಿಸುವಾಗ ಪ್ರತಿಧ್ವನಿ ಅಳಿಸುವ ಕೆಲಸವೂ ಸಡಿಲವಾಗಬಹುದು, ಆದ್ದರಿಂದ ಮೇಡಂ ಈಗ ತಂತಿಯ ಇಯರ್‌ಫೋನ್ ಹಾಕಿಕೊಂಡೇ ಕೂರುತ್ತಾರೆ. ಬ್ಲೂಟೂತ್ ಬೇಡವೆಂದದ್ದು ನಾನೇ, ಅದರ ವಿಳಂಬದಲ್ಲಿ ತಾಳ ನಿಲ್ಲುವುದಿಲ್ಲ.

ಗಂಟೆ ಬಡಿಯುತ್ತದೆ, ಮಾತಿಲ್ಲ

ಮೇಲಿನ ಯಾವುದೂ ಅಲ್ಲದೆ, ಕರೆ ಎತ್ತಿದ ಮೇಲೆ ಒಬ್ಬರಿಗೆ ಮಾತ್ರ ಕೇಳಿಸುವ ದೋಷವಿದ್ದು, ಮೊಬೈಲ್ ಡೇಟಾಗೆ ಬದಲಿಸಿದರೆ ಸರಿಹೋದರೆ, ಜಂಪರ್ ಸರಿಯಿದೆ, ಹೊರಗಿನ ಕೇಬಲ್ ಕೆಟ್ಟಿದೆ. ಇಂಟರ್ನೆಟ್ ಕರೆಯಲ್ಲಿ ಗಂಟೆ ಬಡಿಯುವ ಸುದ್ದಿ ಹೋಗುವ ದಾರಿ ಬೇರೆ, ಧ್ವನಿಯ ತುಣುಕುಗಳು ಹರಿಯುವ ದಾರಿ ಬೇರೆ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ತಡೆಯುವ ವೈಫೈಗಳು ಕಚೇರಿ, ಹಾಸ್ಟೆಲ್‌ಗಳಲ್ಲಿ ಸಾಕಷ್ಟಿವೆ. ನೆಟ್ ಸಂಚಾರವನ್ನು ಬೇರೆ ದಾರಿಗೆ ತಿರುಗಿಸುವ ವಿಪಿಎನ್ ಇದ್ದರೆ ಆಫ್ ಮಾಡಿ ನೋಡಿ. ರೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಕಚೇರಿಯ ಎಕ್ಸ್‌ಟೆನ್ಶನ್ ನಂಬರನ್ನು ಮೊಬೈಲಿನಲ್ಲಿ, ಇಂಟರ್ನೆಟ್ ಮೂಲಕ ಕರೆ ನಡೆಸುವ ಸಿಪ್ ಆ್ಯಪ್‌ನಲ್ಲಿ ಹಾಕಿಕೊಂಡವರು ಮನೆಯ ರೂಟರಿನಲ್ಲಿ ಸಿಪ್ ಎಎಲ್‌ಜಿ ಎಂಬುದನ್ನು ಆಫ್ ಮಾಡಬೇಕು. ಸಹಾಯಕ್ಕೆಂದು ಇಟ್ಟ ಅದು ವಿಳಾಸಗಳನ್ನು ತಪ್ಪಾಗಿ ತಿದ್ದಿ ಏಕಮುಖ ಧ್ವನಿಗೆ ಕಾರಣವಾಗುವುದೇ ಹೆಚ್ಚು.

ದುಬೈ ಕಡೆಯ ಮಕ್ಕಳಿರುವ ಮನೆಗಳಿಗೆ ಪ್ರತ್ಯೇಕ ಮಾತು. ಅಲ್ಲಿನ ಸರ್ಕಾರ ತಾನು ಒಪ್ಪಿದ ಆ್ಯಪ್‌ಗಳಲ್ಲಿ ಮಾತ್ರ ಇಂಟರ್ನೆಟ್ ಕರೆಗೆ ಅವಕಾಶ ಕೊಟ್ಟಿದೆ. ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ ಎಂದರೆ ನಿಮ್ಮ ಫೋನನ್ನು ಬಯ್ಯಬೇಡಿ. ಅಲ್ಲಿ ಯಾವ ಆ್ಯಪ್ ನಡೆಯುತ್ತದೆ ಎಂದು ಮಕ್ಕಳನ್ನೇ ಕೇಳಿ ಅದನ್ನು ಹಾಕಿಕೊಳ್ಳಿ.

ಐಫೋನಿನವರಿಗೆ ಎರಡು ಸಾಲು

ಪ್ರೈವಸಿ ವಿಭಾಗದ ಮೈಕ್ರೊಫೋನ್ ಪಟ್ಟಿಯಲ್ಲಿ ಆ್ಯಪ್ ಆನ್ ಇದೆಯೇ ನೋಡಿ. ಸಾಮಾನ್ಯ ಕರೆ ಮತ್ತು ಫೇಸ್‌ಟೈಮ್ ಪ್ರತಿ ಸಲ ಸ್ಪೀಕರಿನಲ್ಲೋ ಹೆಡ್‌ಸೆಟ್‌ನಲ್ಲೋ ತೆರೆದುಕೊಂಡರೆ ಆ್ಯಕ್ಸೆಸಿಬಿಲಿಟಿ, ಟಚ್, ಕಾಲ್ ಆಡಿಯೊ ರೂಟಿಂಗ್ ಎಂದು ಹೋಗಿ ಆಟೊಮ್ಯಾಟಿಕ್‌ಗೆ ಮರಳಿಸಿ.

ಕೊನೆಗೆ ಅಂಗಡಿ

ಇಷ್ಟೆಲ್ಲ ಆದರೂ ಸರಿಹೋಗದಿದ್ದರೆ ಅಂಗಡಿಗೆ ಹೋಗುವ ಮೊದಲು ನೆಟ್‌ವರ್ಕ್ ಮತ್ತು ಬ್ಲೂಟೂತ್ ರೀಸೆಟ್ ಮಾಡಿ ನೋಡಬಹುದು. ವೈಫೈ ಪಾಸ್‌ವರ್ಡ್‌ಗಳು, ಬ್ಲೂಟೂತ್ ಜ್ಞಾಪಕ ಅಳಿಸಿಹೋಗುತ್ತವೆ. ಫೋಟೊ, ಸಂದೇಶಗಳಿಗೆ ಏನೂ ಆಗದು. ಫ್ಯಾಕ್ಟರಿ ರೀಸೆಟ್ ಬೇರೆ, ಅದು ಎಲ್ಲವನ್ನೂ ಒರೆಸುತ್ತದೆ. ಯಾರಾದರೂ "ಸಾಫ್ಟ್‌ವೇರ್ ಹಾಕಬೇಕು" ಎಂದರೆ ಅದೇ ಆಗಿರಬಹುದು, ಆದ್ದರಿಂದ ವಾಟ್ಸ್‌ಆ್ಯಪ್ ಬ್ಯಾಕಪ್ ತೆಗೆದುಕೊಳ್ಳದೆ ಫೋನ್ ಕೈಬಿಡಬೇಡಿ.

ಮಂಡ್ಯದ ನೂರಡಿ ರಸ್ತೆಯಾಗಲಿ, ಮೈಸೂರಿನ ದೇವರಾಜ ಅರಸು ರಸ್ತೆಯಾಗಲಿ, ಅಂಗಡಿಯ ಮುಂದೆ ನಿಂತು "ಕೇಳಿಸುತ್ತಿಲ್ಲ" ಎಂದಷ್ಟೇ ಹೇಳಬೇಡಿ. ಆ ಚೀಟಿ ಕೊಡಿ: "ಸಿಮ್ ಕರೆಯಲ್ಲೂ ಕಿವಿಗಿಟ್ಟರೆ ಕೇಳಿಸುವುದಿಲ್ಲ, ಸ್ಪೀಕರಿನಲ್ಲಿ ಕೇಳಿಸುತ್ತದೆ, ಬ್ಲೂಟೂತ್ ಆಫ್ ಮಾಡಿ ನೋಡಿದ್ದೇನೆ, ಇಯರ್‌ಫೋನಿನ ಗುರುತು ಇಲ್ಲ, ರೆಕಾರ್ಡರ್ ಸರಿಯಿದೆ." ಇಷ್ಟು ಹೇಳಿದರೆ ಹುಡುಗ ಮೊದಲು ಕಿವಿಯ ಸ್ಪೀಕರಿನ ಜಾಲರಿಯನ್ನು ಬ್ರಷ್‌ನಿಂದ ಉಜ್ಜುತ್ತಾನೆ. ಅಷ್ಟಕ್ಕೆ ಸರಿಹೋದರೆ ಹಲವರು ದುಡ್ಡೂ ತೆಗೆದುಕೊಳ್ಳುವುದಿಲ್ಲ. ಬಿಡಿಭಾಗ ಬದಲಿಸಲೇಬೇಕಾದರೆ ಹಳೆಯದನ್ನು ಕೇಳಿ ಪಡೆಯಿರಿ, ಅಲ್ಲೇ ನಿಂತು ಒಂದು ಸಿಮ್ ಕರೆ, ಒಂದು ವಾಟ್ಸ್‌ಆ್ಯಪ್ ಕರೆ ಮಾಡಿ ನೋಡಿ, ಆಮೇಲೆ ಹೊರಡಿ.